ಬಾಗಿಲಿಲ್ಲದ ಕಾರು, ಬೀಸುವ ಕಲ್ಲು

ಮಗಳ ಕಾರನ್ನು ಮೊದಲ ಸಲ ಕಂಡ ದಿನ ನಾನು ಬಾಗಿಲಿನ ಹಿಡಿಗಾಗಿ ತಡಕಾಡಿದೆ. ಬಾಗಿಲಿನ ಗೆರೆ ಇತ್ತು, ಬಾಗಿಲು ಇರಲಿಲ್ಲ. ಮುಂದೆ ಹೋಗಿ ಬಗ್ಗಿ ನೋಡಿದರೆ ದೀಪಗಳೂ ಸುಳ್ಳು. ಹೆಡ್‌ಲೈಟ್ ಇರಬೇಕಾದ ಜಾಗದಲ್ಲಿ ಹೆಡ್‌ಲೈಟಿನ ಚಿತ್ರ ಅಂಟಿಸಿದ್ದರು. "ಇದ್ಯಾವ ಸೀಮೆ ಕಾರೇ ಇದು!" ಎಂದು ರೇಗಿದೆ. ಆಸ್ಟಿನ್‌ನ ದಕ್ಷಿಣಕ್ಕೆ, ಹೆದ್ದಾರಿಯ ಪಕ್ಕದ ಫೀಡರ್ ರಸ್ತೆಯಲ್ಲಿ, ಅವಳೂ ಅವಳ ಜೊತೆಯವರಿಬ್ಬರೂ ಬಾಡಿಗೆಗೆ ಹಿಡಿದಿದ್ದ ತಗಡಿನ ಶೆಡ್ ಅದು. ಆಗಸ್ಟ್ ತಿಂಗಳ ಬಿಸಿಲಿಗೆ ಒಳಗೆ ಕಾದ ಕಾವಲಿಯ ಹಾಗಿತ್ತು. ಮಗಳು ಕೈಯ ಗ್ರೀಸನ್ನು ಹಳೆ ಬಟ್ಟೆಗೆ ಒರೆಸಿಕೊಳ್ಳುತ್ತಾ, "ಕಿಟಕಿಯಿಂದ ಹತ್ತಬೇಕು ಅಪ್ಪಾ," ಎಂದಳು. ಇಂಗ್ಲಿಷಿನಲ್ಲಿ ಎಂದಳು. ಅವಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಬೈಗುಳವೂ ಸೇರಿ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ.

ನಾನು ಜಗಳ ಆಡಬೇಕೆಂದೇ ಡಾಲಸ್‌ನಿಂದ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಹಿಂದಿನ ದಿನ, ಡಾಲಸ್ ಪಕ್ಕದ ನಮ್ಮ ಕ್ಯಾರಲ್ಟನ್‌ನ ದಿನಸಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ನಿಂತಿದ್ದಾಗ, ನಮ್ಮ ಬೀದಿಯ ಆಂಟಿ ಎದುರಾದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೆ ಕ್ಯಾರಲ್ಟನ್‌ಗೆಲ್ಲ ಅವರು ಆಂಟಿ. ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಇದು ನಿಮ್ಮ ಪುಟ್ಟಿ ಅಲ್ವಾ? ಅಯ್ಯೋ, ಕಾರ್ ರೇಸ್ ಓಡಿಸ್ತಾಳಂತಲ್ಲಾ! ನೀವು ಹೇಳ್ಲೇ ಇಲ್ಲ!" ಎಂದರು. ನನಗೆ ಗೊತ್ತಿದ್ದರೆ ತಾನೆ ಹೇಳುವುದು? ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಗುತ್ತಿದ್ದ ಹುಡುಗಿ ನನ್ನ ಮಗಳೇ. ಆ ನಗುವನ್ನು ನಾನು ಆರು ವರ್ಷದಿಂದ ನೋಡಿರಲಿಲ್ಲ. ಬೆಂಡೆಕಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಆರು ವರ್ಷದಿಂದ ಅವಳು ನನ್ನ ಕಾರಿನಲ್ಲಿ ಕೂತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ಆರು ವರ್ಷ ನನಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಓದಲು ಆಸ್ಟಿನ್‌ಗೆ ಹೋದವಳು ರಜೆಗೆ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತಾ ನಿಂತಿದ್ದರೂ ಕೈ ಬೀಸಿ, ಟ್ಯಾಕ್ಸಿ ಹತ್ತಿ, ನನ್ನ ಹಿಂದೆಯೇ ಮನೆಗೆ ಬರುತ್ತಿದ್ದಳು. ಡ್ರೈವ್ ಮಾಡಲು ಕಲಿಸಿದವನು ನಾನು! ಅದೇ ಕ್ಯಾರಲ್ಟನ್ ಅಂಗಡಿಯ ಪಾರ್ಕಿಂಗಿನಲ್ಲಿ, ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, "ಬ್ರೇಕ್, ಬ್ರೇಕ್, ಅಯ್ಯೋ ಬ್ರೇಕ್ ಒತ್ತೇ!" ಎಂದು ಕಿರುಚಿ ಕಿರುಚಿ ಕಲಿಸಿದ್ದೆ. ನನ್ನ ಪಕ್ಕದಲ್ಲಿ ಯಾಕೆ ಕೂರುವುದಿಲ್ಲ ಎಂದು ನಾನು ಕೇಳಲಿಲ್ಲ. ಕಾರಣ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅವಳ ಅಮ್ಮ ಸತ್ತ ದಿನ ಕಾರು ಓಡಿಸುತ್ತಿದ್ದವನು ನಾನು.

ಅದಕ್ಕೆ ಕಾರಣವಾದದ್ದು ಒಂದು ಬೀಸುವ ಕಲ್ಲು.

ನನ್ನ ಹೆಂಡತಿ ಧಾರವಾಡದವಳು. ನಾವು ಟೆಕ್ಸಸ್‌ಗೆ ಶಿಫ್ಟ್ ಆದಾಗ ಹಡಗಿನ ಕಂಟೇನರಿನಲ್ಲಿ ಎಲ್ಲರೂ ಸೋಫಾ, ಮಂಚ ಹಾಕಿಕೊಂಡು ಬಂದರೆ ಅವಳು ತವರಿನ ಬೀಸುವ ಕಲ್ಲು ತಂದಳು. "ಅಲ್ಲೇನು ಹಿಟ್ಟು ಸಿಗೋದಿಲ್ವಾ?" ಎಂದು ನಾನು ಕುಣಿದಾಡಿದ್ದೆ. ಆಮೇಲೆ ನೋಡಿದರೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಲ್ಲಿ, ನಮಗೆ ಗೊತ್ತಿದ್ದ ಮನೆಗಳಲ್ಲೆಲ್ಲಾ, ಬೀಸುವ ಕಲ್ಲು ಅಂತ ಇದ್ದದ್ದು ಅದೊಂದೇ. ಮದುವೆಗೆ ಮುಂಚೆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಗೂಟಕ್ಕೆ ಅರಿಶಿನದ ಕೊಂಬು ಕಟ್ಟಿ, ಮುತ್ತೈದೆಯರು ಒಂದೊಂದು ಹಿಡಿ ಗೋಧಿ ಬೀಸುವ ಶಾಸ್ತ್ರ ಇದೆಯಲ್ಲ, ಅದಕ್ಕೆ ಎಲ್ಲರಿಗೂ ನಮ್ಮ ಮನೆಯ ಕಲ್ಲೇ ಬೇಕು. ಅವಳು ಇಲ್ಲ ಅನ್ನುತ್ತಿರಲಿಲ್ಲ. ಆದರೆ ಅವಳದೊಂದು ಕಟ್ಟಳೆ: ಕಲ್ಲು ಒಂದೇ ಹೋಗಬಾರದು, ಮನೆಯ ಹೆಣ್ಣುಮಗಳು ಜೊತೆಗೆ ಹೋಗಬೇಕು. ಹಾಗಾಗಿ ಕಲ್ಲು ಹೋದಲ್ಲೆಲ್ಲ ಅವಳು, ಅವಳು ಹೋದಲ್ಲೆಲ್ಲ ಡ್ರೈವರ್ ನಾನು.

ಅವತ್ತು ಹ್ಯೂಸ್ಟನ್‌ನಲ್ಲಿ ಮದುವೆ. ಬೆಳಿಗ್ಗೆ ಹೊರಡುವಾಗ ನಾನು ಡಿಕ್ಕಿ ತೆರೆದು ಕಲ್ಲನ್ನು ಅದರಲ್ಲಿ ಇಡಲು ಹೋದೆ. ಅಲ್ಲಿ ನಮ್ಮ ಮೂವರ ಚಪ್ಪಲಿ, ಶೂಗಳ ಚೀಲ ಇತ್ತು.

"ಪೂಜಾ ಮಾಡೂ ಕಲ್ಲನ್ನ ಚಪ್ಪಲಿ ಜೋಡಿ ಡಿಕ್ಕಿಯೊಳಗ ಇಡ್ತೀರೇನ್ರಿ? ಸ್ವಲ್ಪರ ಬುದ್ಧಿ ಅದ ಏನ್ರಿ ನಿಮಗ?"

"ಹಾಗಾದ್ರೆ ಚಪ್ಪಲಿ ತೆಗೀತೀನಿ."

"ಚಪ್ಪಲಿ ಇಟ್ಟ ಜಾಗಾ ಅಲ್ಲೇನ್ರಿ ಅದು? ಹಿಂದಿನ ಸೀಟಿನ ಮ್ಯಾಲೆ ಇಡ್ರಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆಗಲೇ ಹೊತ್ತಾಗಿತ್ತು. ಗ್ಯಾರೇಜಿನ ಮೊಳೆಯಲ್ಲಿ ಹಗ್ಗ ನೇತಾಡುತ್ತಿತ್ತು, ನನ್ನ ಕಣ್ಣಿಗೂ ಬಿತ್ತು. ತೆಗೆದುಕೊಳ್ಳಲಿಲ್ಲ. ಹಳೆ ಸೀರೆಯಲ್ಲಿ ಸುತ್ತಿದ್ದ ಕಲ್ಲನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಕುಕ್ಕಿದೆ. ಅದರ ಪಕ್ಕದಲ್ಲಿ ಕೂತಿದ್ದ ಹದಿನೇಳು ವರ್ಷದ ಮಗಳಿಗೆ, "ಉರುಳುತ್ತೆ, ಹಿಡ್ಕೊಂಡಿರು," ಎಂದು ಹೇಳಿ ಬಾಗಿಲು ಧಡಾರನೆ ಹಾಕಿದೆ.

ಹ್ಯೂಸ್ಟನ್ ಇನ್ನೂ ಎರಡು ಗಂಟೆ ದೂರ ಇರುವಾಗ ಮುಂದಿನ ಪಿಕಪ್ ಟ್ರಕ್ಕಿನಿಂದ ಒಂದು ಏಣಿ ಬಿತ್ತು. ಆ ಟ್ರಕ್ಕು ನಿಂತಿತು. ನಾನೂ ಬ್ರೇಕ್ ಒತ್ತಿದೆ, ಆದರೂ ಹೋಗಿ ಅದರ ಹಿಂಭಾಗಕ್ಕೆ ಬಡಿದೆ. ದೊಡ್ಡ ಅಪಘಾತವೇನಲ್ಲ. ಬಾನೆಟ್ ಮಡಿಸಿಕೊಂಡಿತು, ಏರ್‌ಬ್ಯಾಗ್ ಬಂತು, ಸೀಟ್ ಬೆಲ್ಟ್ ಹಿಡಿಯಿತು. ನನಗೆ ತುಟಿ ಒಡೆಯಿತು, ಅಷ್ಟೇ. ಆ ಕಾರು ತಾನು ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿತು. ಆದರೆ ಕಲ್ಲಿಗೆ ಬೆಲ್ಟ್ ಇರಲಿಲ್ಲ. ಅದು ಅವಳ ಬೆನ್ನ ಹಿಂದಿನಿಂದ ಬಂತು. ಆಮೇಲೆ ಏನೇನಾಯಿತೆಂದು ನನಗೆ ಇವತ್ತಿಗೂ ಸರಿಯಾಗಿ ನೆನಪಿಲ್ಲ. ರಸ್ತೆಯ ಬದಿಯಲ್ಲಿ ಯಾರೋ ಕನ್ನಡದಲ್ಲಿ ಕಿರುಚುತ್ತಿದ್ದರು, ಅದೊಂದು ನೆನಪಿದೆ. ಇಷ್ಟು ದೂರದ ಹೆದ್ದಾರಿಯಲ್ಲಿ ಕನ್ನಡದವರು ಯಾರಪ್ಪಾ ಎಂದು ಆಶ್ಚರ್ಯಪಟ್ಟದ್ದೂ ನೆನಪಿದೆ.

ಇಂಥ ಹುಡುಗಿ ರೇಸ್ ಕಾರು ಓಡಿಸುವುದೆಂದರೆ! ಶೆಡ್ಡಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಇನ್ನು ನನಗೆ ಉಳಿದಿರೋಳು ನೀನೊಬ್ಬಳು, ನಿನ್ನನ್ನೂ ಕಳ್ಕೊಂಡು ನಾನು ಆ ಮನೇಲಿ ಗೋಡೆ ನೋಡ್ಕೊಂಡು ಕೂರ್ಬೇಕಾ ಎಂದೆ. ಅವಳ ಜೊತೆಯವರಿಬ್ಬರು ಮೆಲ್ಲನೆ ಹೊರಗೆ ಹೋದರು. ಅವಳು ನನ್ನ ಉಸಿರು ಮುಗಿಯುವವರೆಗೂ ಕಾದಿದ್ದು, ಟಾರ್ಚ್ ಹಚ್ಚಿ, "ನೋಡು ಬಾ," ಎಂದು ಕಾರಿನ ಕಿಟಕಿಯೊಳಗೆ ಬೆಳಕು ಬಿಟ್ಟಳು.

ಹೆಸರಿಗೆ ಅದು ಸ್ಟಾಕ್ ಕಾರು. ಬಹಳ ಹಿಂದೆ ಅಂಗಡಿಯಿಂದ ತಂದ ಕಾರನ್ನು ಇದ್ದ ಹಾಗೆಯೇ ರೇಸಿಗೆ ಇಳಿಸುತ್ತಿದ್ದರಂತೆ, ಆಗ ಇಟ್ಟ ಹೆಸರು. ಈಗ ಹೊರಗಿನ ಆಕಾರ ಬಿಟ್ಟರೆ ರಸ್ತೆಯ ಕಾರಿನದು ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಒಳಗೆ ಕಬ್ಬಿಣದ ಕೊಳವೆಗಳನ್ನು ಬೆಸೆದು ಒಂದು ಪಂಜರ ಮಾಡಿದ್ದರು. ತಗಡಿನ ಮೈಯನ್ನು ಅದರ ಮೇಲೆ ಅಂಗಿಯ ಹಾಗೆ ತೊಡಿಸಿದ್ದರು. ಕಾರ್ಪೆಟ್ ಇಲ್ಲ, ಎಸಿ ಇಲ್ಲ, ಹಾರ್ನ್ ಇಲ್ಲ. ಬೀಗದ ಕೈಯೇ ಇಲ್ಲ, ಸ್ವಿಚ್ ಒತ್ತಿ ಶುರು ಮಾಡುವುದು. ಸ್ಟೀರಿಂಗ್ ಚಕ್ರವನ್ನು ಕಳಚಿ ಕೈಯಲ್ಲಿ ಹಿಡಿದು ತೋರಿಸಿದಳು, ಅದಿದ್ದರೆ ಒಳಗೆ ನುಗ್ಗಲು ಜಾಗ ಸಾಲುವುದಿಲ್ಲವಂತೆ. ಬಲಗಡೆಯ ಟೈರು ಎಡಗಡೆಯದಕ್ಕಿಂತ ದೊಡ್ಡದು. ಇದ್ಯಾಕೆ ಹೀಗೆ ಎಂದರೆ, ಟ್ರ್ಯಾಕಿನಲ್ಲಿ ಬರೀ ಎಡಕ್ಕೇ ತಿರುಗುವುದು, ಕಾರು ತಾನಾಗಿಯೇ ಎಡಕ್ಕೆ ಎಳೆಯಬೇಕು ಎಂದಳು.

"ಸ್ಪೀಡ್ ನೋಡೋ ಮೀಟರ್ ಎಲ್ಲಿ?"

"ಇಲ್ಲ."

"ಪೆಟ್ರೋಲ್ ಎಷ್ಟಿದೆ ಅಂತ?"

"ಅದೂ ಇಲ್ಲ. ಎಷ್ಟು ಸುತ್ತಿಗೆ ಎಷ್ಟು ಬೇಕು ಅಂತ ನಾವೇ ಲೆಕ್ಕ ಹಾಕ್ತೀವಿ."

"ಬ್ರೇಕ್ ಲೈಟು?"

ಅವಳು ತಲೆ ಅಲ್ಲಾಡಿಸಿದಳು. "ಮುಂದಿನವನು ಬ್ರೇಕ್ ಒತ್ತಿದ್ದು ಹಿಂದಿನವನಿಗೆ ಹೇಗೆ ಗೊತ್ತಾಗ್ಬೇಕೇ?" ಎಂದು ಕೇಳಿದವನು, ಕೇಳಿದ ಮೇಲೆ ಕಣ್ಣು ಕೆಳಗೆ ಹಾಕಿದೆ. ಅವಳೂ ನೆಲ ನೋಡಿದಳು.

ಸೀಟು ಒಂದೇ. ಅಲ್ಯೂಮಿನಿಯಮ್ಮಿನದು, ಪಕ್ಕೆಲುಬನ್ನೂ ಭುಜವನ್ನೂ ತಬ್ಬಿ ಹಿಡಿಯುವಂಥದ್ದು. ಅದರ ಬಲಕ್ಕೆ, ನಮ್ಮ ಕಾರಿನಲ್ಲಿ ಹೆಂಡತಿ ಕೂರುವ ಜಾಗದಲ್ಲಿ, ಬರೀ ನೆಲ ಮತ್ತು ಕೊಳವೆಗಳು. ಹಿಂದೆಯೂ ಸೀಟಿಲ್ಲ.  ಒಬ್ಬರೇ ಕೂರುವ ಕಾರು ನೋಡಿಕೊಂಡೇ ಆರಿಸಿದ್ದಾಳೆ ಅನ್ನಿಸಿತು.

ಆಮೇಲೆ ಅವಳು ತೋರಿಸಿದ್ದನ್ನು ನಾನು ಆಗ ಸರಿಯಾಗಿ ಅರ್ಥಮಾಡಿಕೊಳ್ಳಲಿಲ್ಲ. ತೂಕ ಸರಿದೂಗಿಸಲು ಕಾರಿನಲ್ಲಿ ಸೀಸದ ಇಟ್ಟಿಗೆಗಳನ್ನು ಇಡುತ್ತಾರೆ. ಅವನ್ನು ಬೋಲ್ಟ್ ಹಾಕಿ ಬಿಗಿದು, ಬಣ್ಣ ಬಳಿದು, ಮೇಲೆ ಕಾರಿನ ನಂಬರ್ ಬರೆದಿದ್ದರು. ಕಳಚಿ ಬಿದ್ದರೆ ಯಾರದ್ದೆಂದು ಗೊತ್ತಾಗಬೇಕಂತೆ, ಶಿಕ್ಷೆ ಇದೆಯಂತೆ. ನೀರಿನ ಬಾಟಲಿಗೂ ಕಬ್ಬಿಣದ ಪಟ್ಟಿ. ಪ್ರತಿ ನಟ್ಟನ್ನೂ ಬಿಗಿದ ಮೇಲೆ ಅದರ ತಲೆಯಿಂದ ಕೆಳಗಿನ ತಗಡಿನವರೆಗೆ ಒಂದು ಹಳದಿ ಗೆರೆ ಎಳೆದಿದ್ದಳು. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಎರಡಾಗಿ ಕಾಣುತ್ತದೆ. ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ತೋರಿಸುತ್ತಾ ಹೋದಳು. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ನನ್ನಷ್ಟು ತಪ್ಪು ಹುಡುಕುವವನು ಇಲ್ಲ ಅಂತ ಜಂಬವೂ ಇದೆ. ಆ ಹಳದಿ ಗೆರೆಗಳನ್ನು ನೋಡಿ, ಹುಡುಗಿ ಅಚ್ಚುಕಟ್ಟಾಗಿ ಕೆಲಸ ಮಾಡ್ತಾಳೆ ಎಂದಷ್ಟೇ ಅಂದುಕೊಂಡೆ.

ಕೊನೆಗೆ ಕಿಟಕಿ. ಅದಕ್ಕೆ ಗಾಜಿಲ್ಲ, ದಪ್ಪ ಪಟ್ಟಿಗಳನ್ನು ಹೆಣೆದ ಬಲೆ. ಗೋಡೆಗೆ ಬಡಿದಾಗ ಕೈ ಹೊರಗೆ ಹೋಗದಿರಲಿ ಎಂದು. ಇನ್ನೊಂದು ಉಪಯೋಗವನ್ನೂ ಹೇಳಿದಳು. ಬಡಿದ ಮೇಲೆ ಡ್ರೈವರಿಗೆ ಏನೂ ಆಗಿಲ್ಲದಿದ್ದರೆ ಬಲೆಯ ಕೊಂಡಿ ಕಳಚಿ ಕೆಳಗೆ ಬಿಡಬೇಕು. ಬಲೆ ಇಳಿದರೆ ಎಲ್ಲ ಸರಿ ಎಂದು ಅರ್ಥ. ಇಳಿಯದಿದ್ದರೆ ಆಂಬುಲೆನ್ಸ್ ಓಡುತ್ತದೆ.

"ಭಾನುವಾರ ರೇಸ್ ಇದೆ. ಬರ್ತೀಯಾ?" ಎಂದಳು.

"ನನ್ ಕಣ್ಣಲ್ಲಿ ಅದನ್ನೆಲ್ಲಾ ನೋಡಕ್ಕಾಗಲ್ಲ," ಎಂದು ಹೇಳಿ ವಾಪಸ್ ಬಂದೆ. ಭಾನುವಾರ ಬೆಳಿಗ್ಗೆ ಎದ್ದವನೇ ಹೊರಟೆ.

ಆಸ್ಟಿನ್‌ನಿಂದ ಒಂದು ಗಂಟೆ ಆಚೆ, ದನದ ಮೇವಿನ ಹೊಲಗಳ ನಡುವೆ ಅರ್ಧ ಮೈಲಿಯ ಟ್ರ್ಯಾಕು. ಮೆಟ್ಟಿಲುಗಳ ಮೇಲೆ ಕೂತಿದ್ದವರೆಲ್ಲ ದೊಡ್ಡ ಟೋಪಿಯ ಸಂಸಾರಸ್ಥರು, ಮಕ್ಕಳ ಕಿವಿಗೆ ಶಬ್ದ ತಡೆಯುವ ಮುಚ್ಚಳ. ನನ್ನ ಪಕ್ಕದ ಅಜ್ಜಿ ನನಗೂ ಒಂದು ಜೊತೆ ಕೊಟ್ಟಳು. ರೇಸಿಗೆ ಮುಂಚೆ ತಪಾಸಣೆ ಮಾಡುವವನೊಬ್ಬ ಬಂದು ಕಾರಿನ ತುಂಬ ಕೈಯಾಡಿಸಿ, "ಒಳಗೆ ಸಡಿಲವಾದದ್ದು ಏನಾದರೂ ಇದೆಯಾ?" ಎಂದು ಕೇಳಿದ. ಬೇಲಿಯ ಈಚೆ ನಿಂತಿದ್ದ ನನಗೂ ಕೇಳಿಸಿತು. ಮಗಳು ಇಲ್ಲ ಎಂದಳು. ಅವನು ಹೋದ ಮೇಲೆ ತಾನೇ ಮತ್ತೊಮ್ಮೆ ಒಳಗೆ ತಲೆ ಹಾಕಿ, ಒಂದೊಂದನ್ನೂ ಹಿಡಿದು ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು. ಜೊತೆಯ ಹುಡುಗ ಸಾಕು ಎಂದ. ಮೂರನೆಯ ಸಲವೂ ಅಲ್ಲಾಡಿಸಿದಳು.

ಸುತ್ತು ಎಷ್ಟಾಗಿತ್ತೋ ಕಾಣೆ. ಅವಳ ಮುಂದಿನ ಕಾರು ಜಾರಿ ಅಡ್ಡ ತಿರುಗಿತು. ನನ್ನ ಮಗಳ ಕಾರು ಅದನ್ನು ತಪ್ಪಿಸಲು ಹೋಗಿ ಹೊರಗಿನ ಗೋಡೆಗೆ ಅಪ್ಪಳಿಸಿತು. ಆ ಶಬ್ದ ಕಿವಿಯ ಮುಚ್ಚಳದೊಳಗೂ ಬಂತು. ಕಾರು ಒಂದು ಸುತ್ತು ತಿರುಗಿ, ಕಿಟಕಿ ನಮ್ಮ ಕಡೆಗಾಗಿ ನಿಂತಿತು. ಹೊಗೆ. ಬಲೆ ಏರಿಸಿದ್ದ ಹಾಗೇ ಇತ್ತು.

ನಾನು ಎದ್ದು ನಿಂತಿದ್ದೆ. ಇಳಿಸೇ, ಇಳಿಸೇ, ನನ್ನಮ್ಮಾ, ಇಳಿಸೇ ಎಂದು ಗೊಣಗುತ್ತಿದ್ದೆನೋ ಕೂಗುತ್ತಿದ್ದೆನೋ ಗೊತ್ತಿಲ್ಲ. ಪಕ್ಕದ ಅಜ್ಜಿ ನನ್ನ ತೋಳು ಹಿಡಿದುಕೊಂಡಳು. ಆ ಬಲೆಯನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆ ಎಂದು ಈಗ ಕೇಳಿದರೆ ಅರ್ಧ ದಿನ ಎನ್ನುತ್ತೇನೆ. ಅವಳ ಜೊತೆಯವರು ಹೇಳುವ ಪ್ರಕಾರ ನಾಲ್ಕೈದು ಉಸಿರಿನಷ್ಟು ಹೊತ್ತು. ಬಲೆಯ ಮೂಲೆ ಸಡಿಲವಾಯಿತು. ಬಿತ್ತು. ಕೈಗವಸಿನ ಕೈಯೊಂದು ಹೊರಗೆ ಬಂತು. ನಾನು ಕುಸಿದು ಕೂತು ಗಳಗಳನೆ ಅತ್ತುಬಿಟ್ಟೆ, ಅಷ್ಟು ಜನರ ಮಧ್ಯೆ.

ಕಾರುಗಳನ್ನು ನಿಲ್ಲಿಸುವ ಜಾಗಕ್ಕೆ ನನ್ನನ್ನು ಬಿಟ್ಟಾಗ ಅವಳು ಒಂದು ಟೈರಿನ ಮೇಲೆ ಕೂತಿದ್ದಳು. ಎಡಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದರು, ಬೇರೇನೂ ಆಗಿರಲಿಲ್ಲ. ಕಾರಿನ ಬಲಭಾಗ ಅಪ್ಪಚ್ಚಿ. ಅವಳು ನನ್ನನ್ನು ನೋಡಿದವಳೇ, "ಒಳಗೆ ನೋಡು ಅಪ್ಪಾ," ಎಂದಳು. ಕಿಟಕಿಯಿಂದ ತಲೆ ಹಾಕಿದೆ. ನೀರಿನ ಬಾಟಲಿ ಪಟ್ಟಿಯೊಳಗೇ ಇತ್ತು. ಸೀಸದ ಇಟ್ಟಿಗೆಗಳು ಇದ್ದಲ್ಲೇ ಇದ್ದವು. ಹಳದಿ ಗೆರೆಗಳು ನೆಟ್ಟಗಿದ್ದವು.

"ಒಂದೂ ಅಲುಗಿಲ್ಲ," ಎಂದಳು. ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡದಲ್ಲಿ ಹೇಳಿದಳು. ಚಿಕ್ಕವಳಿದ್ದಾಗ ಬಿಟ್ಟರೆ ಅವಳ ಬಾಯಿಂದ ಅಷ್ಟುದ್ದದ ಕನ್ನಡ ನಾನು ಕೇಳಿರಲಿಲ್ಲ.

"ನಾನು ಹಿಡ್ಕೊಂಡಿರ್ಲಿಲ್ಲ ಅಪ್ಪಾ. ನೀನು ಹಿಡ್ಕೋ ಅಂದೆ. ನಂಗೆ ನಿದ್ದೆ ಬಂತು."

ನನಗೆ ಒಂದು ಕ್ಷಣ ಯಾವುದರ ಮಾತು ಎಂದೇ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು: ಕಲ್ಲು. ಆರು ವರ್ಷ ನಾನು ಬೇರೆ ಏನನ್ನೋ ಲೆಕ್ಕ ಹಾಕಿಕೊಂಡು ಕೂತಿದ್ದೆ. ಗೊತ್ತಿರುವುದು ಒಂದೇ ದಾರಿ ತಾನೆ ನನಗೆ, ಮೊದಲು ರೇಗಿದೆ.

"ಹುಚ್ಚೀ! ಯಾರು ಹೇಳಿದ್ದು ನಿಂಗೆ ಹಾಗಂತ? ಆ ಕಲ್ಲನ್ನ ಯಾರು ತಾನೆ ಹಿಡ್ಕೊಳ್ಳಕ್ಕಾಗುತ್ತೆ? ನೀನಲ್ಲ, ಪೈಲ್ವಾನ್ ಕೂತಿದ್ರೂ ಆಗ್ತಿರ್ಲಿಲ್ಲ!"

"ನೀನೇ ಹೇಳಿದ್ದು."

"ನಾನಾ?"

"ರೋಡಲ್ಲಿ. ಕೂಗಿದೆ. 'ಹಿಡ್ಕೋ ಅಂದಿದ್ನಲ್ಲೇ, ಹಿಡ್ಕೋ ಅಂದಿದ್ನಲ್ಲೇ' ಅಂತ. ಪೊಲೀಸ್ ಬರೋವರೆಗೂ ಕೂಗಿದೆ."

ಆ ಹೆದ್ದಾರಿಯ ಬದಿಯಲ್ಲಿ ಕನ್ನಡದಲ್ಲಿ ಕಿರುಚುತ್ತಿದ್ದವನು ನಾನೇ. ಹದಿನೇಳು ವರ್ಷದ ಮಗುವಿನ ಮುಂದೆ, ಅವಳ ಅಮ್ಮ ಒಳಗಿರುವಾಗ. ನನಗೆ ನೆನಪೇ ಇರಲಿಲ್ಲ. ಅವಳು ಒಂದು ದಿನವೂ ಮರೆತಿರಲಿಲ್ಲ. ನನ್ನ ಕೋಪಕ್ಕೆ ಬೆಂಕಿ ಹಾಕ. ಆ ಬೆಳಿಗ್ಗೆ ಹಗ್ಗ ಕಣ್ಣಿಗೆ ಬಿದ್ದೂ ತೆಗೆದುಕೊಳ್ಳದಿದ್ದದ್ದು ಅದೇ ಕೋಪ, ರಸ್ತೆಯಲ್ಲಿ ತಪ್ಪನ್ನು ಮಗುವಿನ ತಲೆಗೆ ಕಟ್ಟಿದ್ದೂ ಅದೇ ಕೋಪ. ಟೈರಿನ ಮುಂದೆ ಮಂಡಿಯೂರಿ ಕೂತೆ. ನನ್ನ ಮಂಡಿ ಈಗ ಹಾಗೆಲ್ಲ ಬಗ್ಗುವುದಿಲ್ಲ, ಆದರೂ ಕೂತೆ. ಹಗ್ಗದ ವಿಷಯ ಹೇಳಿದೆ. ಅದನ್ನು ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಆಮೇಲೆ ಇನ್ನೊಂದು ಹೇಳಿದೆ.

"ನೀನು ಮಲಗಿದ್ದು ನಿಮ್ಮಮ್ಮ ನೋಡಿದ್ಲು ಪುಟ್ಟಿ. ತಿರುಗಿ ನೋಡಿದ್ಲು. ನಿನ್ನ ಕೈ ಕಲ್ಲಿನ ಮೇಲಿಂದ ಜಾರಿ ಮಡಿಲಿಗೆ ಬಿದ್ದಿತ್ತು, ಅದನ್ನೂ ನೋಡಿದ್ಲು. 'ಕೂಸು ಮಲಗ್ಯದ ನೋಡ್ರಿ, ಆ ರೇಡಿಯೋ ಸಣ್ಣ ಮಾಡ್ರಿ,' ಅಂದ್ಲು. ಎಬ್ಬಿಸ್ಲಿಲ್ಲ ಅವಳು. ನಾನೂ ಕನ್ನಡಿಯಲ್ಲಿ ನೋಡ್ದೆ. ನಾನೂ ಎಬ್ಬಿಸ್ಲಿಲ್ಲ. ರೇಡಿಯೋ ಸಣ್ಣ ಮಾಡ್ದೆ. ಅದಾಗಿ ಐದು ನಿಮಿಷ ಇಲ್ಲ."

ಅದೇ ಅವಳ ಕೊನೆಯ ಮಾತು. ನಾನು ಅದನ್ನು ಆರು ವರ್ಷ ನನ್ನೊಬ್ಬನ ಆಸ್ತಿಯ ಹಾಗೆ ಬಚ್ಚಿಟ್ಟುಕೊಂಡಿದ್ದೆ. ಮಗಳಿಗೆ ಅದು ಬೇಕಾಗಿತ್ತು ಎಂದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಅವಳು ನನ್ನನ್ನು ತಬ್ಬಿಕೊಳ್ಳಲಿಲ್ಲ. ಅಳಲೂ ಇಲ್ಲ. "ರೇಡಿಯೋ," ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆ ಸಂಜೆ ಜೊತೆಯವರ ಟ್ರಕ್ಕಿನಲ್ಲೇ ಆಸ್ಟಿನ್‌ಗೆ ಹೋದಳು. ನಾನು ಖಾಲಿ ಕಾರು ಓಡಿಸಿಕೊಂಡು ಡಾಲಸ್‌ಗೆ ಬಂದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಕ್ಯಾರಲ್ಟನ್ ಆಂಟಿ ಮನೆಗೆ ಬಂದರು. ಡಬ್ಬಿಯಲ್ಲಿ ಚಕ್ಕುಲಿ ತಂದಿದ್ದರು. ಕೂತರು, ಎದ್ದರು, ಮತ್ತೆ ಕೂತರು. ಅವರ ಮಗನ ಮದುವೆ ಆಸ್ಟಿನ್‌ನಲ್ಲಿ.

"ಕೇಳ್ಬಾರ್ದು ಅಂತ ಗೊತ್ತು," ಎಂದರು. "ನನ್ನ ಮಗಳ ಮದುವೇಲಿ ನಿಮ್ಮ ಮನೆಯವರೇ ಕೂತು ಬೀಸಿದ್ರು, ಹಾಡೂ ಹೇಳಿದ್ರು. ಈಗೆಲ್ಲಾ ಮಿಕ್ಸಿಗೆ ಅರಿಶಿನ ಕುಂಕುಮ ಇಟ್ಟು ಮುಗಿಸ್ತಾರೆ, ನಂಗೆ ಮನಸ್ಸೇ ಬರ್ತಿಲ್ಲ. ಆ ಕಲ್ಲು ಇನ್ನೂ ಇದ್ಯಾ?"

ಇತ್ತು. ಪೊಲೀಸರು ವಾಪಸ್ ಕೊಟ್ಟ ದಿನ ಗ್ಯಾರೇಜಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದೆ. ಮತ್ತೆ ಆ ಕಡೆ ನೋಡಿರಲಿಲ್ಲ. ನಾನು ಆಂಟಿಯ ಮೇಲೆ ಹಾರಿಬೀಳಬೇಕಿತ್ತು, ಬಾಯಿ ತೆರೆದಿದ್ದೆ ಕೂಡ. ಅವರು ಚಕ್ಕುಲಿ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಮಗಳನ್ನು ಕೇಳಿ ಹೇಳ್ತೀನಿ ಎಂದೆ. ಫೋನಿನಲ್ಲಿ ಹೇಳಿದಾಗ ಮದುವೆ ಯಾವತ್ತು ಎಂದು ಕೇಳಿದಳು. ಆಮೇಲೆ, "ಶುಕ್ರವಾರ ಬರ್ತೀನಿ. ನೀನು ಮುಟ್ಬೇಡ," ಎಂದಳು.

ಶುಕ್ರವಾರ ಬಸ್ಸಿನಲ್ಲಿ ಬಂದಳು, ಹೆಗಲ ಮೇಲೆ ಒಂದು ಭಾರದ ಚೀಲ. ಗೋಣಿ ತೆಗೆದಳು. ಕಲ್ಲಿನ ಅಂಚಿನಲ್ಲಿ ಒಂದು ಚೂರು ಹಾರಿತ್ತು. ಅರಿಶಿನದ ಕೊಂಬು ಗೂಟದಲ್ಲಿ ಹಾಗೇ ಇತ್ತು, ಒಣಗಿ ಕಡ್ಡಿಯಾಗಿ. ಅವಳು ಕಲ್ಲನ್ನು ತೊಳೆದು, ಒರೆಸಿ, ಅಳತೆ ತೆಗೆದುಕೊಂಡಳು. ನನ್ನ ಕಾರಿನ ಹಿಂದಿನ ಸೀಟನ್ನು, ಅದರ ಬಲಗಡೆಯ ಅರ್ಧವನ್ನು, ಕಳಚಿ ಗ್ಯಾರೇಜಿನಲ್ಲಿಟ್ಟಳು. ಇನ್ನೂ ಸಾಲ ತೀರದ ಹೊಸ ಕಾರು ಅದು, ಆದರೂ ಅವಳು ಬಿಚ್ಚಿದ ಬೋಲ್ಟುಗಳನ್ನು ನಾನೇ ಕೈಯಲ್ಲಿ ಹಿಡಿದು ನಿಂತೆ.

"ಡಿಕ್ಕಿಯಲ್ಲಿ ಇಟ್ರೆ ಸುಲಭ ಅಲ್ವಾ?" ಎಂದು ಮಾತ್ರ ಕೇಳಿದೆ.

"ಅಮ್ಮ ಬೇಡ ಅಂದಿದ್ಲಲ್ಲ," ಎಂದಳು.

ಸೀಟ್ ಬೆಲ್ಟಿನ ಬೋಲ್ಟುಗಳಿರುವ ಜಾಗಕ್ಕೇ ಉಕ್ಕಿನ ತಟ್ಟೆಯೊಂದನ್ನು ಬಿಗಿದು, ಕಲ್ಲನ್ನು ಅದರ ಮೇಲೆ ಕೂರಿಸಿ, ಸುತ್ತ ಉಕ್ಕಿನ ಪಟ್ಟಿ ಹಾಕಿದಳು. ಕಲ್ಲಿಗೆ ಉಜ್ಜದಿರಲಿ ಎಂದು ಪಟ್ಟಿಯ ಒಳಗೆ ಅಮ್ಮನ ಹಳೆ ಸೀರೆಯ ತುಂಡು. ನಾಲ್ಕು ನಟ್ಟು. ಬಿಗಿದು, ಚೀಲದಿಂದ ಹಳದಿ ಬಣ್ಣದ ಪೆನ್ನು ತೆಗೆದು, ನಾಲ್ಕಕ್ಕೂ ಗೆರೆ ಎಳೆದಳು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಕಾರೇ ಅಲ್ಲಾಡಿತು, ಕಲ್ಲು ಅಲ್ಲಾಡಲಿಲ್ಲ. "ನೀನೂ ನೋಡು," ಎಂದಳು. ನಾನೂ ಹಿಡಿದು ಅಲ್ಲಾಡಿಸಿದೆ.

ಶನಿವಾರ ಬೆಳಿಗ್ಗೆ ಹೊರಡುವಾಗ ನಾನು ಅವಳಿಗಾಗಿ ಟ್ಯಾಕ್ಸಿಯನ್ನೋ ಬಸ್ಸನ್ನೋ ವಿಚಾರಿಸಲು ಫೋನ್ ತೆಗೆದಿದ್ದೆ. ಅವಳು ಕಾರಿನ ಹಿಂದಿನ ಬಾಗಿಲು ತೆರೆದು, ಕಲ್ಲಿನ ಪಕ್ಕದಲ್ಲಿ ಉಳಿದಿದ್ದ ಅರ್ಧ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡಳು. ಬಲಗೈಯನ್ನು ಕಲ್ಲಿನ ಮೇಲಿಟ್ಟಳು. "ಕಲ್ಲು ಒಂದೇ ಹೋಗ್ಬಾರ್ದು," ಎಂದಳು.

ನಾನು ಕಾರು ಸ್ಟಾರ್ಟ್ ಮಾಡಿದೆ. ಮೂವತ್ತೈದನೇ ಹೆದ್ದಾರಿಗೆ ಬಂದೆವು. ಮುಂದಿನ ಗಾಡಿ ಒಂದು ಫರ್ಲಾಂಗ್ ದೂರ ಇದ್ದರೂ ಬ್ರೇಕಿನ ಮೇಲೆ ಕಾಲು. ಹಿಂದಿನವರು ಹಾರ್ನ್ ಹೊಡೆದು, ಬೈದುಕೊಂಡು ಮುಂದೆ ಹೋದರು. ಹೋಗಲಿ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವಳ ಕೈ ಕಲ್ಲಿನ ಮೇಲೆ, ಬೆರಳು ಬಿಗಿಯಾಗಿ ಬಿಳುಚಿಕೊಂಡು.

"ಕೈ ತೆಗಿ ಪುಟ್ಟಿ, ನೋಯುತ್ತೆ. ನಾಲ್ಕು ಬೋಲ್ಟ್ ಇದೆ."

"ಗೊತ್ತು," ಎಂದಳು. ತೆಗೆಯಲಿಲ್ಲ.

ವೇಕೊ ದಾಟಿತು. ನಾನು ಹಳೆಯ ಹಾಡುಗಳ ರೇ‌ಡಿಯೋ ಹಾಕಿದ್ದೆ, ಮಾತಿಲ್ಲದ ಕಾರಿನಲ್ಲಿ ಇರಲಿ ಎಂದು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿ ನೋಡಿದೆ. ಅವಳ ತಲೆ ಕಿಟಕಿಗೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಕೈ ಕಲ್ಲಿನಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು. ಹದಿನೇಳು ವರ್ಷದವಳಿದ್ದಾಗ ಹೇಗೋ ಹಾಗೇ. ನಟ್ಟುಗಳ ಮೇಲೆ ಹಳದಿ ಗೆರೆ ನೆಟ್ಟಗಿತ್ತು.

ಪಕ್ಕದ ಖಾಲಿ ಸೀಟಿಗೆ, "ನೋಡೇ, ಮಲಗಿದಾಳೆ," ಎಂದೆ. ಮತ್ತೆ ರೇಡಿಯೋ ಸಣ್ಣ ಮಾಡಿದೆ.